ಸಣ್ಣ ಕಿರಿಕಿರಿಗೆ ಬುತ್ತಿ ತರುವವರಿಲ್ಲ

ನಮ್ಮ ವಿಜಯಪುರದ ಓಣಿಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಒಂದು ಜಗಳ ಖಾಯಂ. ಯಾರದೋ ಮನೆಯ ಗೇಟಿಗೆ ಅಡ್ಡಲಾಗಿ ಯಾರೋ ಬೈಕ್ ನಿಲ್ಲಿಸಿ ಹೋಗಿರುತ್ತಾರೆ, ಹ್ಯಾಂಡಲ್ ಲಾಕ್ ಬೇರೆ. ಮಕ್ಕಳನ್ನು ಶಾಲೆಗೆ ಬಿಡಬೇಕಾದವರು ಗಾಡಿ ಹೊರಗೆ ತೆಗೆಯಲಾಗದೆ ಓಣಿಗೆಲ್ಲ ಕೇಳುವಂತೆ ಒದರಾಡುತ್ತಾರೆ. ಬೈಕಿನವನು ಓಡಿಬಂದು ತೆಗೆಯುವಷ್ಟರಲ್ಲಿ ಐದು ನಿಮಿಷ ಹೋಗಿರುತ್ತದೆ. "ಇಷ್ಟಕ್ಕ ಯಾಕ್ರೀ ಸರ ಇಷ್ಟ್ ಸಿಟ್ಟು?" ಎಂದು ಅವನ ಪ್ರಶ್ನೆ. ಹಾಗೆ ಒದರಿದವರು ತಂದೆಯ ಆಪರೇಷನ್, ಮಳೆಯಿಲ್ಲದೆ ಒಣಗಿಹೋದ ತೊಗರಿ, ಬ್ಯಾಂಕಿನ ಸಾಲ ಇವೆಲ್ಲವನ್ನೂ ತುಟಿಪಿಟಕ್ಕೆನ್ನದೆ ದಾಟಿಬಂದವರೇ ಆಗಿರಬಹುದು.

ಇಂಥ ಸಿಟ್ಟನ್ನು ನಾವು ಸ್ವಭಾವದ ದೋಷವೆಂದು ತಿಳಿಯುತ್ತೇವೆ. ಸಿಟ್ಟು ಇಳಿದ ಮೇಲೆ ನಾಚಿಕೆಯೂ ಆಗುತ್ತದೆ. ಆದರೆ ಮನೋವಿಜ್ಞಾನಿಗಳು ಅರ್ಧ ಶತಮಾನದಿಂದ ಕಲೆಹಾಕಿದ ಪುರಾವೆ ಬೇರೆಯೇ ಮಾತು ಹೇಳುತ್ತದೆ. ಅದು ಎಲ್ಲರಿಗೂ ತಿಳಿಯಬೇಕೆಂಬುದು ನನ್ನ ಆಸೆ.

1967ರಲ್ಲಿ ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಜೀವನದ 43 ದೊಡ್ಡ ಘಟನೆಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಗಂಡನ ಅಥವಾ ಹೆಂಡತಿಯ ಸಾವಿಗೆ 100, ಮದುವೆಗೆ 50. ಅಂಕ ಹೆಚ್ಚಿದಷ್ಟೂ ಕಾಯಿಲೆ ಬೀಳುವ ಸಾಧ್ಯತೆ ಹೆಚ್ಚು ಎಂಬುದು ಅವರ ವಾದ. 1981ರಲ್ಲಿ ರಿಚರ್ಡ್ ಲಾಜರಸ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ನೂರು ಮಂದಿ ನಡುವಯಸ್ಕರಿಗೆ ತೀರಾ ಸಣ್ಣ ವಿಷಯ ಕೇಳತೊಡಗಿದರು: ಸಾಮಾನು ಎಲ್ಲಿಟ್ಟೆನೆಂದು ಮರೆತಿರಾ, ಮನೆ ರಿಪೇರಿ ಕಾಡಿತೇ, ಸಂತೆಯ ಬೆಲೆ ಏರಿತೇ? ತಿಂಗಳುಗಟ್ಟಲೆ ಹೀಗೆ ಕೇಳಿ ಲೆಕ್ಕ ಹಾಕಿದಾಗ, ಮನಸ್ಸಿನ ಬಳಲಿಕೆ ದೊಡ್ಡ ಘಟನೆಗಳಿಗಿಂತ ಈ ದಿನನಿತ್ಯದ ತ್ರಾಸುಗಳ ಜೊತೆಗೇ ಹೆಚ್ಚು ಹೊಂದಿಕೊಂಡು ಬಂತು.

ಮೊದಲೇ ಬಳಲಿದವರಿಗೆ ಎಲ್ಲವೂ ತ್ರಾಸಾಗಿ ಕಾಣುತ್ತದಲ್ಲವೇ ಎಂಬ ಆಕ್ಷೇಪ ಆಗಲೇ ಬಂತು. ನ್ಯಾಯವಾದ ಆಕ್ಷೇಪವೇ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದಕ್ಕೆ ಸ್ವಲ್ಪ ಮಟ್ಟಿನ ಉತ್ತರ ಕೊಟ್ಟಿತು. ಅದರಲ್ಲಿ ಎಂಟು ದಿನ ಸಂಜೆ ಫೋನ್ ಮಾಡಿ ಅಂದಂದಿನ ಕಿರಿಕಿರಿಯನ್ನೂ ಮನಸ್ಸಿನ ಸ್ಥಿತಿಯನ್ನೂ ಕೇಳಿ ಬರೆದುಕೊಂಡಿದ್ದರು. ಹತ್ತು ವರ್ಷ ಬಿಟ್ಟು ಮತ್ತೆ ಅವರನ್ನೇ ಮಾತಾಡಿಸಿದಾಗ, ಆಗ ಸಣ್ಣದಕ್ಕೆ ಹೆಚ್ಚು ನೊಂದವರಲ್ಲೇ ಮಾನಸಿಕ ತೊಂದರೆ ಹೆಚ್ಚು ಕಂಡಿತು. ನಡುವಿನ ಹತ್ತು ವರ್ಷದಲ್ಲಿ ಬೈಕು, ಬಿಲ್ಲು, ಬೆಲೆ ಎಲ್ಲ ಮರೆತುಹೋಗಿದ್ದಾವು. ಅವು ಬಿಟ್ಟ ಗುರುತು ಹೋಗಿರಲಿಲ್ಲ.

ಹಾಗಾದರೆ ಸಣ್ಣದು ದೊಡ್ಡದಾಗುವುದು ಹೇಗೆ? ಇದಕ್ಕೆ ನಮ್ಮ ಸೀಮೆಯ ಸಪ್ಪಳವನ್ನೇ ತೆಗೆದುಕೊಳ್ಳೋಣ. ಬೆಳಗಿನ ಜಾವ ಜೋಳದ ರೊಟ್ಟಿ ಬಡಿಯುವ ಸದ್ದು. ಅಂಗೈ ಹಿಟ್ಟಿನ ಮೇಲೆ ಬಿದ್ದು, ರೊಟ್ಟಿ ತಿರುಗಿ, ಮತ್ತೆ ಬಿದ್ದು ಪಟ್ ಪಟ್ ಎಂದು ಒಂದೇ ಲಯದಲ್ಲಿ ಬರುತ್ತದೆ. ರೊಟ್ಟಿ ಅಗಲವಾದಂತೆ ಸದ್ದು ತುಸು ತೆಳುವಾಗುತ್ತದೆ, ತವೆಗೆ ಹಾಕುವಾಗ ಒಂದು ಕ್ಷಣ ನಿಲ್ಲುತ್ತದೆ. ಅವ್ವ ಬಡಿಯುತ್ತಿದ್ದರೆ ಅದರಲ್ಲೇ ಇನ್ನೊಂದು ಜೊಂಪು ಹತ್ತುತ್ತದೆ. ಅದೇ ಸದ್ದು ಪಕ್ಕದ ಮನೆಯ ಗೋಡೆಯಾಚೆಯಿಂದ, ಒಂದು ದಿನ ನಾಲ್ಕಕ್ಕೆ ಇನ್ನೊಂದು ದಿನ ಐದೂವರೆಗೆ ಬಂದರೆ ನಿದ್ದೆ ಹಾರಿಹೋಗುತ್ತದೆ. ಯಾವಾಗ ಬಂದೀತೆಂದು ಗೊತ್ತಿಲ್ಲ, ನಿಲ್ಲಿಸೆನ್ನುವ ಹಕ್ಕೂ ಇಲ್ಲ.

ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಇದನ್ನೇ ಪ್ರಯೋಗಶಾಲೆಯಲ್ಲಿ ಒರೆಗೆ ಹಚ್ಚಿದರು. 1972ರಲ್ಲಿ ಅವರ ಪುಸ್ತಕ ಬಂತು. ಸ್ಪ್ಯಾನಿಷ್, ಅರ್ಮೇನಿಯನ್ ಮಾತು, ಟೈಪ್‌ರೈಟರ್, ಲೆಕ್ಕದ ಯಂತ್ರ ಎಲ್ಲ ಕಲಸಿದ ಗದ್ದಲವನ್ನು 108 ಡೆಸಿಬೆಲ್‌ನಷ್ಟು ಜೋರಾಗಿ ಕೇಳಿಸುತ್ತಿದ್ದರು. ಕೆಲವರಿಗೆ ನಿಗದಿತ ಅಂತರದಲ್ಲಿ, ಕೆಲವರಿಗೆ ಹೊತ್ತುಗೊತ್ತಿಲ್ಲದೆ. ಗದ್ದಲದ ನಡುವೆ ಎಲ್ಲರೂ ಹೆಚ್ಚುಕಡಿಮೆ ಚೆನ್ನಾಗಿಯೇ ಕೆಲಸ ಮಾಡಿದರು. ವ್ಯತ್ಯಾಸ ಕಂಡದ್ದು ಗದ್ದಲ ನಿಂತ ಮೇಲೆ. ಹೊತ್ತುಗೊತ್ತಿಲ್ಲದ ಸದ್ದು ಕೇಳಿದವರು ಕಠಿಣ ಒಗಟುಗಳನ್ನು ಬೇಗ ಕೈಬಿಟ್ಟರು, ಕರಡು ತಿದ್ದುವಾಗ ಹೆಚ್ಚು ತಪ್ಪು ಉಳಿಸಿದರು. ಇನ್ನು ಕೆಲವರ ಮುಂದೆ ಒಂದು ಗುಂಡಿ ಇಟ್ಟು, ಬೇಕೆನಿಸಿದರೆ ಒತ್ತಿ ಸದ್ದು ನಿಲ್ಲಿಸಬಹುದು, ಒತ್ತದಿದ್ದರೆ ಒಳ್ಳೆಯದು ಎಂದಿದ್ದರು. ಬಹುತೇಕರು ಒತ್ತಲಿಲ್ಲ. ಅಷ್ಟೇ ಸದ್ದು ಕೇಳಿಯೂ ಅವರು ಆಮೇಲಿನ ಕೆಲಸವನ್ನು ಚೆನ್ನಾಗಿ ಮಾಡಿದರು. ಗುಂಡಿ ಇದೆ ಎಂಬ ಧೈರ್ಯವೇ ಸಾಕಾಗಿತ್ತು! ಈ ಕ್ಷೇತ್ರದಲ್ಲಿ ನನ್ನನ್ನು ಇಷ್ಟು ಹಿಡಿದಿಟ್ಟ ಪ್ರಯೋಗ ಇನ್ನೊಂದಿಲ್ಲ.

ಬಿಸಿಲೂ ತನ್ನ ಪಾಲು ಸೇರಿಸುತ್ತದೆ. 1986ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಹಸಿರು ದೀಪ ಬಿದ್ದರೂ ಒಂದು ಕಾರು ಬೇಕೆಂದೇ ಕದಲದೆ ನಿಂತಿತ್ತು. ಸೆಖೆ ಏರಿದಂತೆ ಹಿಂದಿನವರ ಹಾರ್ನ್ ಹೆಚ್ಚಾಯಿತು, ಅದರಲ್ಲೂ ಕಿಟಕಿ ಇಳಿಸಿಕೊಂಡು ಕೂತವರದು. ಏಪ್ರಿಲ್ ಮಧ್ಯಾಹ್ನ ಗಾಂಧಿ ಚೌಕ್‌ನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. 2004ರಲ್ಲಿ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು, ದೊಡ್ಡ ನೋವಿಗಿಂತ ಸಣ್ಣ ನೋವು ಕೆಲವೊಮ್ಮೆ ಹೆಚ್ಚು ಕಾಲ ಉಳಿಯುತ್ತದೆ ಎಂದು ತೋರಿಸಿದರು. ಒಂದು ಕಿಲೋಮೀಟರ್ ದೂರಕ್ಕೆ ನಾವು ನಡೆದೇ ಹೋಗುತ್ತೇವೆ, ಮೂರು ಕಿಲೋಮೀಟರ್ ಇದ್ದರೆ ಆಟೋ ಹತ್ತುತ್ತೇವೆ. ಹಾಗಾಗಿ ದೂರದ ಜಾಗವನ್ನೇ ಬೇಗ ಮುಟ್ಟುವುದುಂಟು. ನೋವು ಒಂದು ಮಿತಿ ದಾಟಿದರೆ ಮನಸ್ಸು ತನ್ನೆಲ್ಲ ಉಪಾಯ ಹೊರತೆಗೆಯುತ್ತದೆ: ಕಾರಣ ಹುಡುಕುತ್ತದೆ, ಹಣೆಬರಹ ಎನ್ನುತ್ತದೆ, ಕ್ಷಮಿಸುತ್ತದೆ. ಮಿತಿಯ ಕೆಳಗೇ ಉಳಿದ ನೋವಿಗೆ ಇದ್ಯಾವುದೂ ಏಳುವುದಿಲ್ಲ. ಅವರ ಪ್ರಯೋಗಗಳಲ್ಲಿ ಸ್ವತಃ ಅವಮಾನಕ್ಕೆ ಒಳಗಾದವರಿಗಿಂತ ಅದನ್ನು ಪಕ್ಕದಲ್ಲಿ ನಿಂತು ನೋಡಿದವರಲ್ಲೇ ಅವಮಾನ ಮಾಡಿದವನ ಮೇಲಿನ ಅಸಮಾಧಾನ ಹೆಚ್ಚು ಉಳಿದಿತ್ತು. ಜನ ಮೊದಲೇ ಊಹಿಸಿದ್ದು ಇದಕ್ಕೆ ಪೂರಾ ಉಲ್ಟಾ.

ಮನಸ್ಸಷ್ಟೇ ಏಕೆ, ಊರೂ ಹೀಗೆಯೇ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಬೀಗರು, ನೆರೆಯವರು ರೊಟ್ಟಿ, ಪಲ್ಲೆ, ಅನ್ನ, ಸಾರಿನ ಬುತ್ತಿ ಕಟ್ಟಿಕೊಂಡು ಬರುತ್ತಾರೆ, "ಒಂದ್ ತುತ್ತರ ಉಣ್ರಿ" ಎಂದು ಕೂತು ಉಣಿಸುತ್ತಾರೆ. ದುಃಖಕ್ಕೆ ಹೀಗೆ ನೂರು ಕೈ ಹೆಗಲು ಕೊಡುತ್ತವೆ. ನಿದ್ದೆಗೆಡಿಸುವ ಗೋಡೆಯ ಸದ್ದಿಗೆ ಯಾರು ಬುತ್ತಿ ತರುತ್ತಾರೆ? ಹೇಳಿಕೊಂಡರೆ ನಗುತ್ತಾರೆ ಎಂದು ಹೇಳಿಕೊಳ್ಳುವುದೂ ಇಲ್ಲ.

ಆದ್ದರಿಂದ "ಸಣ್ಣದು, ಬಿಡು" ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ತಾನಾಗಿ ವಾಸಿಯಾಗದ್ದಕ್ಕೆ ನಾವೇ ಕೈಹಾಕಬೇಕು. ಸಿಟ್ಟು ನೆತ್ತಿಗೇರುವ ಮೊದಲೇ, ಸಂಜೆ ಚಹಾದ ಹೊತ್ತಿಗೆ ಪಕ್ಕದ ಮನೆಗೆ ಹೋಗಿ, "ಅಕ್ಕಾರ, ರೊಟ್ಟಿ ಎಷ್ಟಕ್ಕ ಶುರು ಮಾಡ್ತೀರಿ?" ಎಂದು ಕೇಳಿದರೆ ಕನಿಷ್ಠ ಹೊತ್ತಾದರೂ ಗೊತ್ತಾಗುತ್ತದೆ. ಗೊತ್ತಾದ ಸದ್ದು ಅರ್ಧ ಸದ್ದು. ಊರು ನಡೆಸುವವರಿಗೂ ಇಲ್ಲಿ ಕೆಲಸವಿದೆ. ನಳಕ್ಕೆ ನೀರು ಯಾವ ದಿನ, ಎಷ್ಟು ಗಂಟೆಗೆ ಬರುತ್ತದೆಂದು ಹಿಂದಿನ ದಿನವೇ ಫೋನಿಗೆ ಒಂದು ಮೆಸೇಜ್ ಬಂದರೆ ನೀರು ಒಂದು ಕೊಡವೂ ಹೆಚ್ಚಾಗುವುದಿಲ್ಲ ನಿಜ. ಆದರೆ ನಳದತ್ತ ಕಿವಿ ಇಟ್ಟು ಮಲಗುವ ಹೆಣ್ಣುಮಕ್ಕಳಿಗೆ ಒಂದು ರಾತ್ರಿಯ ನಿದ್ದೆ ಸಿಗುತ್ತದೆ. ಅದಕ್ಕೆ ಹೊಸ ಪೈಪ್‌ಲೈನ್ ಬೇಕಿಲ್ಲ, ನಾಳೆಯಿಂದಲೇ ಶುರು ಮಾಡಬಹುದು.