ಸುಳ್ಳುಪತ್ತೆ ಯಂತ್ರ: ಒಪ್ಪಿಗೆಗೆ ಕಾನೂನಿದೆ, ಪರೀಕ್ಷಕರಿಗಿಲ್ಲ

‘ಆರೋಪಿಗೆ ಇಂದು ಪಾಲಿಗ್ರಾಫ್ ಪರೀಕ್ಷೆ’ ಎಂದು ಟಿವಿಯಲ್ಲಿ ಪಟ್ಟಿ ಓಡಿತೆಂದರೆ ಕೇಸು ಇನ್ನೇನು ಬಗೆಹರಿದ ಹಾಗೆ ಎಂದುಕೊಳ್ಳುವವರೇ ಹೆಚ್ಚು. ಕೋರ್ಟಿನಲ್ಲಿ ಆ ವರದಿಗೆ ಅಷ್ಟು ಬೆಲೆಯಿಲ್ಲ. ಯಾಕಿಲ್ಲ ಎಂದು ತಿಳಿಯಬೇಕಾದರೆ ಮೊದಲು ಪರೀಕ್ಷೆಯ ಕೋಣೆಯೊಳಗೆ ಹೋಗಬೇಕು.

ಆ ಯಂತ್ರದಲ್ಲಿ ಸುಳ್ಳನ್ನು ಅಳೆಯುವ ಭಾಗವೇ ಇಲ್ಲ. ಉಸಿರಾಟ ನೋಡಲು ಎದೆಗೊಂದು, ಹೊಟ್ಟೆಗೊಂದು ಕೊಳವೆ ಕಟ್ಟುತ್ತಾರೆ. ತೋಳಿಗೆ ಬಿ.ಪಿ. ನೋಡುವಾಗ ಸುತ್ತುವಂಥದೇ ಪಟ್ಟಿ. ಎರಡು ಬೆರಳಿಗೆ ಲೋಹದ ಬಿಲ್ಲೆ. ಅದರಲ್ಲಿ ಅತ್ಯಲ್ಪ ವಿದ್ಯುತ್ ಹರಿಸಿ, ಬೆವರಿನಿಂದಾಗಿ ಚರ್ಮದ ರೋಧ ಎಷ್ಟು ಇಳಿಯಿತು ಎಂದು ದಾಖಲಿಸುತ್ತಾರೆ. ಕಾಲ್ಬೆರಳು ಒತ್ತಿ, ತೊಡೆ ಬಿಗಿದು ಯಂತ್ರವನ್ನು ಯಾಮಾರಿಸುವವರಿರುವುದರಿಂದ ಕುರ್ಚಿಯ ಮೇಲೆ ಅಲುಗಾಟ ಗುರುತಿಸುವ ಹಾಸೂ ಇರುತ್ತದೆ. ಇವೆಲ್ಲದರ ಏರಿಳಿತ ಗೆರೆಗಳಾಗಿ ಮೂಡುತ್ತದೆ. ಇಷ್ಟೇ. ಎದೆ ಹೊಡೆದುಕೊಂಡದ್ದು ಸುಳ್ಳು ಹೇಳಿದ್ದಕ್ಕೋ, ಹೆದರಿಕೆಗೋ, ಅವಮಾನಕ್ಕೋ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ.

ಅದನ್ನು ಊಹಿಸುವುದು ಪರೀಕ್ಷಕರ ಕೆಲಸ. ಮನೆಯೊಂದರಲ್ಲಿ ಸರ ಕಳುವಾಗಿದೆ ಎನ್ನಿ. ‘ಬೀರುವಿನಿಂದ ಆ ಸರ ತೆಗೆದವರು ನೀವೇನಾ?’ ಎಂಬುದು ಮುಖ್ಯ ಪ್ರಶ್ನೆ. ಅದರ ಪಕ್ಕದಲ್ಲೇ ‘ಇದಕ್ಕೆ ಮೊದಲು ಯಾರದಾದರೂ ವಸ್ತುವನ್ನು ಹೇಳದೆ ಕೇಳದೆ ತೆಗೆದುಕೊಂಡಿದ್ದೀರಾ?’ ಎಂಬ ಹೋಲಿಕೆಯ ಪ್ರಶ್ನೆ ಬರುತ್ತದೆ. ನಿರಪರಾಧಿಗೆ ಎರಡನೆಯದರಲ್ಲಿ ಹೆಚ್ಚು ಅಳುಕು, ಕದ್ದವನಿಗೆ ಮೊದಲನೆಯದರಲ್ಲಿ ಎಂಬುದು ಈ ವಿಧಾನದ ನಂಬಿಕೆ. ನಂಬಿಕೆ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಪ್ರಶ್ನೆಗಳನ್ನೆಲ್ಲ ಮೊದಲೇ ಓದಿ ಹೇಳಿ, ಒಂದೊಂದರ ನಡುವೆ 20-25 ಸೆಕೆಂಡು ಬಿಟ್ಟು, ಇಡೀ ಸರಣಿಯನ್ನು ಕನಿಷ್ಠ ಮೂರು ಸಲ ಕೇಳುತ್ತಾರೆ. ಆಮೇಲೆ ಪ್ರತಿ ಮುಖ್ಯ ಪ್ರಶ್ನೆಯ ಗೆರೆಗಳನ್ನು ಹೋಲಿಕೆಯ ಪ್ರಶ್ನೆಯ ಗೆರೆಗಳೊಂದಿಗೆ ಇಟ್ಟು ನೋಡಿ -3ರಿಂದ +3ರವರೆಗೆ ಅಂಕ. ಬಹುಬಳಕೆಯ ಒಂದು ಪದ್ಧತಿಯಲ್ಲಿ ಮೊತ್ತ +6 ಅಥವಾ ಹೆಚ್ಚಾದರೆ ನಿಜ, -6 ಅಥವಾ ಕಡಿಮೆಯಾದರೆ ಸುಳ್ಳು, ನಡುವೆ ಸಿಕ್ಕರೆ ‘ನಿರ್ಧರಿಸಲಾಗದು’.

ಕೆಡುವುದು ಹೆಚ್ಚಾಗಿ ಯಂತ್ರವಲ್ಲ, ಅದರ ಸುತ್ತಲಿನದು. ತೋಳಪಟ್ಟಿಗೆ ಗಾಳಿ ಜಾಸ್ತಿಯಾದರೆ ಐದೇ ನಿಮಿಷದಲ್ಲಿ ಕೈ ಜೋಮುಹಿಡಿದು ಆ ನೋವೇ ಗೆರೆಯಾಗುತ್ತದೆ. ಎ.ಸಿ. ಕೋಣೆಯಲ್ಲಿ ಬೆರಳು ತಣ್ಣಗಾದರೆ ಬೆವರಿನ ಗೆರೆ ಮಲಗಿಬಿಡುತ್ತದೆ. ಎದೆಬಡಿತ ತಗ್ಗಿಸುವ ಬಿ.ಪಿ. ಮಾತ್ರೆ ನುಂಗುವವರಲ್ಲಿ ಹೃದಯದ ಗೆರೆಯನ್ನು ನೆಚ್ಚುವಂತಿಲ್ಲ. ಎರಡು ರಾತ್ರಿ ನಿದ್ದೆಗೆಡಿಸಿ ವಿಚಾರಣೆ ಮಾಡಿ ಕರೆತಂದವನ ಮೈ ಯಾವ ಪ್ರಶ್ನೆಗೂ ಸರಿಯಾಗಿ ಸ್ಪಂದಿಸದು. ಪ್ರಶ್ನೆಯ ಮಾತಿನಲ್ಲೂ ಎಡವಟ್ಟಾಗುತ್ತದೆ: ‘ಈ ಕೊಲೆಯ ವಿಚಾರ ನಿಮಗೆ ಗೊತ್ತಾ?’ ಎಂದರೆ ಊರಿಗೆಲ್ಲ ಗೊತ್ತು! ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ ಇರಬೇಕು, ಉತ್ತರ ಹೌದು ಅಥವಾ ಇಲ್ಲ ಎಂದಷ್ಟೇ ಇರಬೇಕು.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಲೆಕ್ಕ ಕೈಕೊಡುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರ ವರದಿಯಲ್ಲಿ ಒಂದು ಉದಾಹರಣೆ ಕೊಟ್ಟಿತು. 10,000 ನೌಕರರಲ್ಲಿ 10 ಮಂದಿ ಗೂಢಚಾರರು ಎಂದಿಟ್ಟುಕೊಳ್ಳಿ. ಪರೀಕ್ಷೆಯ ನಿಖರತೆ ಚೆನ್ನಾಗಿಯೇ ಇದೆ, ಹತ್ತರಲ್ಲಿ ಎಂಟು ಗೂಢಚಾರರು ಸಿಕ್ಕಿಬೀಳುವಂತೆ ಅದನ್ನು ಬಿಗಿ ಮಾಡಿದ್ದಾರೆ ಎಂದುಕೊಂಡರೂ, ಆ ಎಂಟರ ಜೊತೆಗೆ 1,598 ನಿಷ್ಠಾವಂತರೂ ಅನುತ್ತೀರ್ಣರಾಗುತ್ತಾರೆ. ಅತ್ತ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ಆಲ್ಡ್ರಿಚ್ ಏಮ್ಸ್ ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ ಕಾಲದಲ್ಲೇ 1986 ಮತ್ತು 1991ರಲ್ಲಿ ಪಾಲಿಗ್ರಾಫ್ ದಾಟಿ ಬಂದಿದ್ದ.

ನಮ್ಮ ದೇಶದ ಕಾನೂನು ಇದನ್ನು ಹೇಗೆ ನೋಡುತ್ತದೆ ಎಂಬುದನ್ನು ತೀರ್ಮಾನಿಸಿದ್ದು ಕರ್ನಾಟಕದಿಂದಲೇ ಹೋದ ಮೊಕದ್ದಮೆ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2010ರ ಮೇ 5ರಂದು ತೀರ್ಪು ಕೊಟ್ಟಿತು: ಪಾಲಿಗ್ರಾಫ್, ಮಂಪರು ಪರೀಕ್ಷೆ, ಮಿದುಳಿನ ಅಲೆಗಳ ಪರೀಕ್ಷೆ ಈ ಮೂರನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ರಕ್ತ, ಬೆರಳಚ್ಚು ತೆಗೆಯುವ ಹಾಗೆಯೇ ಇದೂ ಬರಿ ಮೈಯ ಅಳತೆ ಎಂಬ ವಾದ ನಡೆಯಲಿಲ್ಲ. ಬೆರಳಚ್ಚು ಏನನ್ನೂ ಹೇಳುವುದಿಲ್ಲ. ಪ್ರಶ್ನೆಗೆ ಬದಲಾಗುವ ಎದೆಬಡಿತವಾದರೋ ಆ ಮನುಷ್ಯನಿಗೆ ಗೊತ್ತಿರುವುದನ್ನು ಹೊರಗೆಡಹುತ್ತದೆ. ಆದ್ದರಿಂದ ಅದು ಸಾಕ್ಷ್ಯ ನುಡಿದ ಹಾಗೆಯೇ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿ ಇಲ್ಲಿಗೂ ಅನ್ವಯಿಸುತ್ತದೆ ಎಂದಿತು ಕೋರ್ಟು.

ಒಪ್ಪಿಗೆ ಎಂದರೆ ಠಾಣೆಯಲ್ಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ ಹೊರಡಿಸಿದ್ದ ಮಾರ್ಗಸೂಚಿಯನ್ನು ಕಡ್ಡಾಯವಾಗಿ ಪಾಲಿಸಬೇಕೆಂದು ಅದೇ ತೀರ್ಪು ಹೇಳಿದೆ. ಅದರಂತೆ, ಒಪ್ಪಿದ ಆರೋಪಿಗೆ ವಕೀಲರು ಸಿಗಬೇಕು. ಪರೀಕ್ಷೆಯಿಂದ ಮೈಗೆ, ಮನಸ್ಸಿಗೆ, ಕೇಸಿಗೆ ಏನಾಗಬಹುದು ಎಂದು ಪೊಲೀಸರೂ ವಕೀಲರೂ ತಿಳಿಸಿ ಹೇಳಬೇಕು. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು. ಎಷ್ಟು ದಿನದಿಂದ ವಶದಲ್ಲಿದ್ದಾನೆ, ವಿಚಾರಣೆ ಹೇಗೆ ನಡೆದಿದೆ ಎಂಬುದನ್ನು ಮ್ಯಾಜಿಸ್ಟ್ರೇಟರು ಗಮನಿಸಬೇಕು. ಅಲ್ಲಿ ಹೇಳುವ ಮಾತು ತಪ್ಪೊಪ್ಪಿಗೆಯಲ್ಲ, ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಷ್ಟೇ ಎಂದು ಸ್ಪಷ್ಟಪಡಿಸಬೇಕು. ಪರೀಕ್ಷೆಯನ್ನು ಆಸ್ಪತ್ರೆಯಂಥ ಸ್ವತಂತ್ರ ಸಂಸ್ಥೆ, ವಕೀಲರ ಎದುರಿನಲ್ಲಿ ನಡೆಸಬೇಕು. ಈ ‘ಸ್ವತಂತ್ರ’ ಎಂಬ ಮಾತು ಓದಲು ಚೆಂದ. ನಮ್ಮ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಬಹುಪಾಲು ಇರುವುದು ಗೃಹ ಇಲಾಖೆಯ ಕೈಕೆಳಗೇ.

ಒಪ್ಪಿಗೆ ಕೊಟ್ಟು ಮಾಡಿಸಿಕೊಂಡರೂ ಫಲಿತಾಂಶವೇ ಸಾಕ್ಷ್ಯವಾಗದು. ಆ ಪರೀಕ್ಷೆಯ ನೆರವಿನಿಂದ ಬಾವಿಯಲ್ಲಿ ಬಿಸಾಡಿದ್ದ ಚಾಕು ಸಿಕ್ಕಿತು ಎನ್ನಿ. ಆ ಚಾಕು ಸಾಕ್ಷ್ಯವಾಗಬಹುದು. ಹಿಂದೆ ಸಾಕ್ಷ್ಯ ಅಧಿನಿಯಮದ 27ನೇ ಸೆಕ್ಷನ್ನಿನಲ್ಲಿದ್ದ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ನಿಗೆ ಬಂದಿರುವ ನಿಯಮದ ದಾರಿಯಿದು. ಇನ್ನು ‘ನನಗೆ ಮಂಪರು ಪರೀಕ್ಷೆ ಮಾಡಿಸಿ’ ಎಂದು ಆರೋಪಿಯೇ ಹಟ ಹಿಡಿದರೆ? ಅದು ಪ್ರಶ್ನಾತೀತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 2025ರ ಜೂನ್‌ನಲ್ಲಿ ಬಿಹಾರದ ಅಮ್ಲೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು.

ಹೀಗೆ ಒಪ್ಪಿಗೆಯ ಬಾಗಿಲಿಗೆ ಬೀಗ ಬಿದ್ದಿದೆ. ಆದರೆ ಕುರ್ಚಿಯ ಹಿಂದೆ ಕೂತು ಅಂಕ ಹಾಕುವವರು ಯಾರು? ಅವರಿಗೆ ಪರವಾನಗಿ ಕೊಡುವ, ತಪ್ಪಿದರೆ ಅದನ್ನು ಕಿತ್ತುಕೊಳ್ಳುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಅಮೆರಿಕದಲ್ಲಿ 1988ರ ನೌಕರರ ಪಾಲಿಗ್ರಾಫ್ ರಕ್ಷಣಾ ಕಾಯ್ದೆ ಈ ವಿಷಯದಲ್ಲಿ ಗಡಿಯಾರ ಹಿಡಿದೇ ಕೂತಿದೆ. ಖಾಸಗಿ ಮಾಲೀಕರು ನೌಕರರಿಗೆ ಈ ಪರೀಕ್ಷೆ ಮಾಡಿಸುವುದನ್ನೇ ಅದು ಬಹುಮಟ್ಟಿಗೆ ನಿಷೇಧಿಸಿದೆ. ಕಳವಿನಂಥ ನಷ್ಟದ ತನಿಖೆಗೆ ಕೊಟ್ಟಿರುವ ವಿನಾಯಿತಿಯಲ್ಲೂ 48 ಗಂಟೆ ಮೊದಲು ಲಿಖಿತ ನೋಟಿಸು ಕೊಡಬೇಕು, ಪ್ರಶ್ನೆಗಳನ್ನು ಮುಂಚೆಯೇ ತೋರಿಸಬೇಕು, ಪರೀಕ್ಷೆ 90 ನಿಮಿಷಕ್ಕೆ ಕಡಿಮೆ ಇರಬಾರದು, ಒಬ್ಬ ಪರೀಕ್ಷಕ ದಿನಕ್ಕೆ ಐದಕ್ಕಿಂತ ಹೆಚ್ಚು ಪರೀಕ್ಷೆ ಮಾಡಬಾರದು. ಧರ್ಮ, ರಾಜಕೀಯ, ಲೈಂಗಿಕ ಜೀವನ, ಯೂನಿಯನ್ ವಿಚಾರ ಕೇಳುವಂತಿಲ್ಲ. ರಾಜ್ಯದಲ್ಲಿ ಲೈಸೆನ್ಸ್ ಪದ್ಧತಿಯಿದ್ದರೆ ಪರೀಕ್ಷಕನ ಬಳಿ ಅದಿರಬೇಕು, ಜೊತೆಗೆ 50,000 ಡಾಲರಿನ ಬಾಂಡ್ ಅಥವಾ ಅಷ್ಟೇ ಮೊತ್ತದ ವೃತ್ತಿ ವಿಮೆ. ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ಬರಿ ಪಾಲಿಗ್ರಾಫ್ ಫಲಿತಾಂಶ ಹಿಡಿದು ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ.

ಐದರ ಮಿತಿ ಕಂಪನಿಗಳ ಮೇಲಿನ ಸಿಟ್ಟಿನಿಂದ ಹುಟ್ಟಿದ್ದಲ್ಲ. ಪ್ರಶ್ನೆ ಹೆಣೆದು, ಓದಿ ಹೇಳಿ, ಮೂರು ಸಲ ಕೇಳಿ, ಗೆರೆಗಳನ್ನು ತಾಳೆ ನೋಡಲು ಎರಡು-ಮೂರು ಗಂಟೆ ಬೇಕೇ ಬೇಕು. ದಿನಕ್ಕೆ ಹತ್ತು ಪರೀಕ್ಷೆ ಮುಗಿಸುವವರು ಇದರಲ್ಲಿ ಯಾವುದನ್ನೋ ಬಿಟ್ಟಿರುತ್ತಾರೆ.

ನಮ್ಮಲ್ಲಿ ಅಂಥ ಕಾಯ್ದೆ ಬರುವ ತನಕ ಆರೋಪಿಯ ಪರ ವಕೀಲರು ಕೇಳಬಹುದಾದ ಸಾಮಗ್ರಿ ನಾಲ್ಕಿವೆ: ಕೇಳಿದ ಪ್ರಶ್ನೆಗಳ ಪಟ್ಟಿ, ಮೂರೂ ಸರಣಿಯ ಮೂಲ ಗೆರೆಗಳು, ಅಂಕದ ಹಾಳೆ, ಪರೀಕ್ಷೆಯ ವಿಡಿಯೊ. ಇವಿದ್ದರೆ ಪ್ರಕರಣದ ಗಂಧಗಾಳಿಯೂ ಇಲ್ಲದ ಇನ್ನೊಬ್ಬ ಪರೀಕ್ಷಕರಿಗೆ ಕೊಟ್ಟು ಮತ್ತೆ ಅಂಕ ಹಾಕಿಸಬಹುದು. ‘ಉತ್ತರಗಳು ವಂಚನೆಯಿಂದ ಕೂಡಿವೆ’ ಎಂಬ ಒಂದೇ ಸಾಲು ಕಡತದಲ್ಲಿದ್ದರೆ ಆ -6 ಎಲ್ಲಿಂದ ಬಂತೆಂದು ಯಾರೂ ಹುಡುಕಲಾರರು.