ಅಜ್ಜಿಯ ಪಕ್ಕದ ಅಲ್ಪವಿರಾಮ

ಬಾದಾಮಿ ಹತ್ತಿರದ ತಂಗಿಯ ಊರಿಗೆ ಹೋಗಿದ್ದೆ. ಎರಡನೇ ಇಯತ್ತೆಯ ಅವಳ ಮಗಳು ಕಟ್ಟೆಯ ಮೇಲೆ ಕೂತು ಓದುತ್ತಿದ್ದಳು: ‘ಅಜ್ಜಿ ರೊಟ್ಟಿ ಆದವೇ’. ಪುಸ್ತಕದಲ್ಲಿ ‘ಅಜ್ಜಿ’ ಆದಮೇಲೆ ಅಲ್ಪವಿರಾಮವಿತ್ತು, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ. ದನಿಯಲ್ಲಿ ಎರಡೂ ಇಲ್ಲ, ಮಗ್ಗಿ ಒಪ್ಪಿಸಿದ ಹಾಗೆ ಒಂದೇ ರಾಗ. ಪುಸ್ತಕ ಮಡಚಿದವಳೇ ಒಳಗಿದ್ದ ಅಜ್ಜಿಯನ್ನು ಕೂಗಿದಳು: “ಆಯೀ, ರೊಟ್ಟಿ ಆದ್ವೇನ?” ಈಗ ಎರಡೂ ಚಿಹ್ನೆ ಜಾಗದಲ್ಲೇ ಇದ್ದವು!

ರಾಗ ಅವಳಿಗೆ ಗೊತ್ತಿದೆ. ತೊಡಕು ಕಣ್ಣಿನದು. ಸರಾಗ ಓದುವವರ ಕಣ್ಣು ದನಿಗಿಂತ ಒಂದೆರಡು ಪದ ಮುಂದೆಯೇ ಓಡುತ್ತಿರುತ್ತದೆ. ಹೊಸದಾಗಿ ಓದುವ ಮಗುವಿನ ಕಣ್ಣು ಕಾಗುಣಿತ, ಒತ್ತಕ್ಷರಗಳಲ್ಲೇ ಸಿಕ್ಕಿಕೊಂಡಿರುತ್ತದೆ. ಪ್ರಶ್ನೆಯ ಗುರುತು ಕಾಣುವ ಹೊತ್ತಿಗೆ ವಾಕ್ಯ ಬಾಯಿಂದ ಹೊರಬಿದ್ದಾಗಿದೆ. ಸ್ಪೇನಿನವರು 1754ರಲ್ಲೇ ವಾಕ್ಯದ ಮೊದಲಿಗೂ ತಲೆಕೆಳಗಾದ ಪ್ರಶ್ನೆಚಿಹ್ನೆ ಇಡಲು ನಿಯಮ ಮಾಡಿದರು. ಜಾಣರು. ಜೊತೆಗೆ ‘ಆದವೇ’ ಎಂಬುದು ನಮ್ಮ ಕಡೆ ಯಾರ ಬಾಯಲ್ಲೂ ಇಲ್ಲ. ಕೇಳದ ಮಾತಿಗೆ ಮಗು ರಾಗ ಎಲ್ಲಿಂದ ತಂದೀತು?

ಶಾಲೆಯಲ್ಲಿ ಕಲಿಸಿದ್ದು ಅಲ್ಪವಿರಾಮಕ್ಕೆ ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು ನಿಲ್ಲು, ಪೂರ್ಣವಿರಾಮಕ್ಕೆ ಎರಡು. ನನಗಿದು ಅಷ್ಟಾಗಿ ಒಪ್ಪಿಗೆಯಿಲ್ಲ. ಮಾತಾಡುವಾಗ ನಾವು ಬರೀ ನಿಲ್ಲುವುದಿಲ್ಲ, ನಿಲ್ಲುವ ಮೊದಲು ಕೊನೆಯ ಅಕ್ಷರವನ್ನು ಎಳೆಯುತ್ತೇವೆ. ‘ಆಯೀ’ಯ ದೀರ್ಘ ಅದೇ. ಹೇಳಿಕೆಯ ಕೊನೆಗೆ ಶ್ವಾಸದ ಒತ್ತಡ ಇಳಿದು ದನಿಯೂ ತಗ್ಗುತ್ತದೆ. ಏರಿಸಬೇಕಾದರೆ ಗಂಟಲಿನ ಧ್ವನಿತಂತುಗಳು ಬಿಗಿಯಾಗಿ ಬೇಗ ಬೇಗ ಕಂಪಿಸಬೇಕು. ಹಾಗಂತ ಪ್ರಶ್ನೆಚಿಹ್ನೆ ಕಂಡಲ್ಲೆಲ್ಲ ಕೊನೆಗೆ ಏರಿಸು ಅಂದರೂ ತಪ್ಪೇ. “ಎಲ್ಲಿ ಹೋಗಿದ್ದಿ?” ಅಂದು ನೋಡಿ, ಒತ್ತು ಬೀಳುವುದು ‘ಎಲ್ಲಿ’ ಮೇಲೆ.

ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದಲ್ಲಿ ಅಲ್ಪವಿರಾಮವಿಲ್ಲ. ಎಲ್ಲಿ ನಿಲ್ಲಬೇಕೆಂದು ತ್ರಿಪದಿಯ ಗತಿಯೇ ಹೇಳುತ್ತಿತ್ತು. ನಮ್ಮ ಗದ್ಯಕ್ಕೆ ಈಗಿನ ಚಿಹ್ನೆಗಳು ರೂಢಿಯಾದದ್ದು ಅಚ್ಚಿನ ಕಾಲದಲ್ಲಿ.

ಆ ಸಂಜೆ ನಾನು ಮಾಡಿದ್ದಿಷ್ಟೇ. ಮೊದಲು ನಾನೊಮ್ಮೆ ಓದಿದೆ, ಆಮೇಲೆ ಇಬ್ಬರೂ ಕೂಡಿ ಓದಿದೆವು, ನಂತರ ಅವಳೊಬ್ಬಳೇ. ಎರಡನೇ ಸಲಕ್ಕೆ ಅಕ್ಷರದ ಹೊರೆ ಇಳಿದು ಕಣ್ಣು ಮುಂದೆ ಹೋಗತೊಡಗಿತು. “ಇದನ್ನ ಯಾರು ಯಾರಿಗೆ ಕೇಳ್ಯಾರ?” ಅಂದೆ. “ಹುಡುಗಿ, ಅಜ್ಜಿಗೆ” ಅಂದಳು. ಮೂರನೇ ಸಲ ‘ಅಜ್ಜಿ’ಯನ್ನು ಎಳೆದು, ಒಂದು ಗುಕ್ಕು ನಿಂತು, ‘ಆದವೇ’ ಅಂತ ಮೇಲಕ್ಕೇರಿಸಿದಳು.

ಒಲೆಯ ಮುಂದಿನಿಂದ ಉತ್ತರ ಬಂತು: “ಇನ್ನೂ ಎರಡ ಅದಾವ, ತಡಿಯವ್ವಾ!”