ಜ್ವರಕ್ಕಾಗಿ ಕಟ್ಟಿದ ಕ್ಲಿನಿಕ್‌ನಲ್ಲಿ ಬಿಪಿ, ಶುಗರ್

ನಮ್ಮ ತಾಲ್ಲೂಕು ಊರುಗಳ ಕ್ಲಿನಿಕ್‌ಗಳು ನಡೆಯುವ ರೀತಿ ರೂಪುಗೊಂಡದ್ದು ಜ್ವರ, ಭೇದಿ, ಗಾಯಗಳ ಕಾಲದಲ್ಲಿ. ರೋಗಿ ಟೋಕನ್ ಹಿಡಿದು ಕೂರುತ್ತಾರೆ, ಚೀಟಿ ಬರೆಸಿಕೊಂಡು ಹೋಗುತ್ತಾರೆ, ವಾಸಿಯಾದರೆ ಮತ್ತೆ ಬರಬೇಕಿಲ್ಲ. ಈಗ ಬೆಂಚಿನ ಮೇಲಿರುವವರಲ್ಲಿ ಬಹಳ ಮಂದಿಗೆ ಬಿಪಿ, ಶುಗರ್ ಇದೆ. ವರ್ಷಗಟ್ಟಲೆ ಹತೋಟಿಯಲ್ಲಿಡಬೇಕಾದ ಕಾಯಿಲೆಗಳು ಇವು. ಕ್ಲಿನಿಕ್ ಮಾತ್ರ ಹಳೆಯ ಕ್ರಮದಲ್ಲೇ ಓಡುತ್ತಿದೆ. ಕುಟುಂಬ ವೈದ್ಯನಾದ ನನಗೆ, ಬರಬೇಕಿದ್ದು ಬಾರದೇ ಉಳಿದವರ ಚಿಂತೆಯೇ ಹೆಚ್ಚು.

ಬಿಪಿ ಇಳಿಸುವ ಮಾತ್ರೆ, ಆಮ್ಲೋಡಿಪಿನ್ 5 ಮಿ.ಗ್ರಾಂ. ಒಂದು ಸ್ಟ್ರಿಪ್ ಮುಗಿಯುತ್ತದೆ. ತಲೆಸುತ್ತು ಇಲ್ಲ, ಸುಸ್ತಿಲ್ಲ. "ಆರಾಮಾಗಿದ್ದೀನಲ್ಲ ಡಾಕ್ಟ್ರೇ, ಯಾಕೆ ಮಾತ್ರೆ?" ಈ ಪ್ರಶ್ನೆಗೆ ತಾಳ್ಮೆಯಿಂದ ಉತ್ತರಿಸಲು ಸಮಯ ಬೇಕು. 67 ದೇಶಗಳ ಮಾಹಿತಿ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಪ್ರಾಥಮಿಕ ಆರೈಕೆಯ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಸ್ವೀಡನ್‌ನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದ್ದು ಸುಮಾರು ಎರಡು ನಿಮಿಷ. ಉತ್ತರ ಸಿಗದವರು ಮಾತ್ರೆ ಬಿಡುತ್ತಾರೆ. ಕೆಲವರು ಮತ್ತೆ ಬರುವುದು ಲಕ್ವ ಹೊಡೆದ ಮೇಲೆ.

ಡಾಕ್ಟರ ನಿಮಿಷಗಳು ಹೆಚ್ಚುವುದಿಲ್ಲ. ಆದ್ದರಿಂದ ಕೆಲಸವನ್ನೇ ಹಂಚಬೇಕು. ನಮ್ಮಲ್ಲಿ ಬಿಪಿ ನೋಡುವುದು ಈಗ ಸಿಸ್ಟರ್, ಅದೂ ರೋಗಿ ನನ್ನ ಕೋಣೆಗೆ ಬರುವ ಮೊದಲೇ. ಬಸ್ಸಿಳಿದು ಏದುಸಿರು ಬಿಡುತ್ತಾ ಬಂದವರ ತೋಳಿಗೆ ತಕ್ಷಣ ಪಟ್ಟಿ ಸುತ್ತಿದರೆ ಅಂಕಿ ಸುಳ್ಳು ಹೇಳುತ್ತದೆ. ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಒರಗು, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ, ಮಾತಿಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಹಾಗಾಗಿ ದೊಡ್ಡ ಪಟ್ಟಿಯೂ ಮೇಜಿನ ಮೇಲಿರಬೇಕು. ತಪ್ಪು ಅಂಕಿಯ ಮೇಲೆ ಜೀವನಪೂರ್ತಿಯ ಮಾತ್ರೆ ಶುರುಮಾಡುವುದು ಸಣ್ಣ ವಿಷಯವೇನಲ್ಲ. ಶುಗರ್ ಇದ್ದವರ ಚಪ್ಪಲಿ ಬಿಚ್ಚಿಸಿ ಪಾದ ನೋಡುವುದೂ ಸಿಸ್ಟರ್ ಕೆಲಸವೇ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಮುಳ್ಳು ಚುಚ್ಚಿದ್ದೂ ಗೊತ್ತಾಗಿರುವುದಿಲ್ಲ.

ಇದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಒಂದು ರಿಜಿಸ್ಟರ್. ಪ್ರತಿ ಬಿಪಿ, ಶುಗರ್ ರೋಗಿಗೂ ಅದರಲ್ಲಿ ಒಂದು ಸಾಲು, ತಿಂಗಳಿಗೊಂದು ಚೌಕ. ಬಂದರೆ ಬಿಪಿ ಬರೆಯುತ್ತಾರೆ, ಬರದಿದ್ದರೆ ಚೌಕ ಖಾಲಿ. ತಿಂಗಳ ಕೊನೆಗೆ ಸಿಸ್ಟರ್ ಖಾಲಿ ಚೌಕಗಳನ್ನು ನೋಡಿ ಫೋನ್ ಮಾಡುತ್ತಾರೆ. 2017ರಲ್ಲಿ ಆರಂಭವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮವೂ ನಿಂತಿರುವುದು ಇಂಥ ಸರಳ ಕೆಲಸಗಳ ಮೇಲೆಯೇ: ಕೆಲವೇ ಔಷಧಿಗಳ ನಿಗದಿತ ಕ್ರಮ, ವೈದ್ಯರ ಜೊತೆ ಕೆಲಸ ಹಂಚಿಕೊಳ್ಳುವ ಸಿಬ್ಬಂದಿ, ತಪ್ಪಿಸಿಕೊಂಡವರನ್ನು ಮರಳಿ ಕರೆಯುವ ದಾಖಲೆ. ಕಂಪ್ಯೂಟರ್ ಬಂದರೆ ಒಳ್ಳೆಯದು, ಆದರೆ ಅದಕ್ಕಾಗಿ ಕಾಯಬೇಕಿಲ್ಲ. ಮರುಭೇಟಿಗೆ ಸಂತೆಯ ದಿನದ ಮಧ್ಯಾಹ್ನ ಮೀಸಲಿಟ್ಟರೆ ಹಳ್ಳಿಯವರಿಗೆ ಬೇರೆ ಬಸ್ ಖರ್ಚಿಲ್ಲ, ಕೂಲಿಯೂ ತಪ್ಪುವುದಿಲ್ಲ.

ಬಗೆಹರಿಯದಿರುವುದು ಹಣದ ವಿಷಯ. ಸಿಸ್ಟರ್ ಫೋನ್ ಮಾಡುವ ಹೊತ್ತಿಗೆ ಯಾರೂ ಫೀಸು ಕೊಡುವುದಿಲ್ಲ. ಆಯುಷ್ಮಾನ್ ಭಾರತ್‌ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಂಟು. ಮೂತ್ರಪಿಂಡ ಕೆಟ್ಟ ಮೇಲಿನ ಡಯಾಲಿಸಿಸ್‌ಗೆ ದಾರಿಯಿದೆ, ಅದು ಕೆಡದಂತೆ ಖಾಸಗಿ ಕ್ಲಿನಿಕ್‌ನಲ್ಲಿ ಪ್ರತಿ ತಿಂಗಳು ಬಿಪಿ ನೋಡುವುದಕ್ಕಿಲ್ಲ. ಇದು ಬದಲಾಗಲೇಬೇಕು. ಅಲ್ಲಿಯವರೆಗೆ, ಕೈಯಲ್ಲಿ ಕಾಸಿಲ್ಲದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಉಚಿತ ಮಾತ್ರೆಗೆ ಕಳಿಸುತ್ತೇನೆ. ರೋಗಿ ಕೈಬಿಟ್ಟು ಹೋಗುತ್ತಾರೆಂಬ ಭಯ ಖಾಸಗಿ ವೈದ್ಯರಿಗೆ ಬೇಡ. ನಮ್ಮ ರೋಗಿಗಳ ಕೈಪುಸ್ತಕದಲ್ಲಿ ಅಲ್ಲಿನ ವೈದ್ಯಾಧಿಕಾರಿಯೂ ಬರೆಯುತ್ತಾರೆ, ನಾನೂ ಬರೆಯುತ್ತೇನೆ. ಅಲ್ಲಿ ಮಾತ್ರೆಯ ದಾಸ್ತಾನು ಮುಗಿದರೆ ಸಿಸ್ಟರ್‌ಗೆ ತಿಳಿಸುವಂತೆ ರೋಗಿಗಳಿಗೆ ಹೇಳಿದ್ದೇವೆ. ಆ ತಿಂಗಳ ಮಟ್ಟಿಗೆ ಜನೌಷಧಿ ಕೇಂದ್ರಕ್ಕೆ ಚೀಟಿ ಬರೆದುಕೊಡುತ್ತೇನೆ.